ಗಡಿಯಾಚೆಯ ಶಾಲೆಗೆ ಐದು ಕಿಲೋ ಕನ್ನಡ

ಕನ್ನಡ ಪುಸ್ತಕ ಪ್ರಾಧಿಕಾರದ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಆದವಾನಿಯಿಂದ ಬರೆಯುತ್ತಿದ್ದೇನೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು; ಅದೇ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹೊಳಗುಂದ, ಕೌತಾಳಂ ಕಡೆಯ ಹಳ್ಳಿಗಳಲ್ಲಿ ಕನ್ನಡ ಈಗಲೂ ಮನೆಮಾತು. ಕನ್ನಡ ಮಾಧ್ಯಮದ ಶಾಲೆಗಳೂ ನಡೆಯುತ್ತಿವೆ. ಆದರೆ ಪಠ್ಯ ಬಿಟ್ಟು ಬೇರೊಂದು ಕನ್ನಡ ಪುಸ್ತಕ ಬೇಕೆಂದರೆ ಬಳ್ಳಾರಿಯ ಬಸ್ಸು ಹತ್ತಬೇಕು, ಇಲ್ಲವೇ ಅಂಚೆಯನ್ನು ನೆಚ್ಚಬೇಕು.

ಆ ಅಂಚೆ ಈಗ ದುಬಾರಿ. ಐದು ಕಿಲೋ ಪುಸ್ತಕವನ್ನು 80 ರೂಪಾಯಿ ಆಸುಪಾಸಿನಲ್ಲಿ ದೇಶದ ಯಾವ ಮೂಲೆಗಾದರೂ ತಲುಪಿಸುತ್ತಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಮರುವರ್ಷ ರಿಜಿಸ್ಟರ್ಡ್ ಅಂಚೆಯನ್ನೂ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನ ಮಾಡಿದರು. 2025ರ ಅಕ್ಟೋಬರ್ 1ರಿಂದ ಅದರ ದರವೂ ಏರಿತು. ಹೊದಿಕೆ ಸೇರಿ 250 ಗ್ರಾಂ ತೂಗುವ ತೆಳು ಪುಸ್ತಕವೊಂದು ಬೆಂಗಳೂರಿನಿಂದ ಇಲ್ಲಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಬರಲು 63 ರೂಪಾಯಿ, ತೆರಿಗೆ ಸೇರಿದರೆ 74. ರಾಜ್ಯೋತ್ಸವದ ಹೊತ್ತಿಗೆ ನೀವು ಕೊಡುವ ರಿಯಾಯಿತಿಯನ್ನು ಈ ಖರ್ಚೇ ನುಂಗಿಬಿಡುತ್ತದೆ.

ದಾರಿ ಇದೆ. 2025ರ ಮೇ 1ರಿಂದ ಅಂಚೆ ಇಲಾಖೆ ‘ಜ್ಞಾನ ಪೋಸ್ಟ್’ ನಡೆಸುತ್ತಿದೆ. 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ನೆಲಮಾರ್ಗದಲ್ಲಿ ಬರುವುದರಿಂದ ತುಸು ತಡವಾದೀತು, ಆದರೆ ಕಟ್ಟು ಎಲ್ಲಿದೆಯೆಂದು ನೋಡಿಕೊಳ್ಳಬಹುದು. ನಾನು ಹೇಳಿದಂಥ ಇಪ್ಪತ್ತು ಪುಸ್ತಕ ಒಂದೊಂದಾಗಿ ಬಂದರೆ ಜ್ಞಾನ ಪೋಸ್ಟ್‌ನಲ್ಲೂ 400 ರೂಪಾಯಿ. ಒಂದೇ ಕಟ್ಟಾಗಿ ಬಂದರೆ 100, ಅಂದರೆ ಪುಸ್ತಕಕ್ಕೆ ಐದೇ ರೂಪಾಯಿ! ಕಟ್ಟುವಾಗ ತೂಕದ ಮೇಲೆ ಕಣ್ಣಿರಬೇಕು, ಅಷ್ಟೇ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ನಮ್ಮ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಶಾಲೆಗಳ ಬೇಡಿಕೆಯನ್ನು ತಿಂಗಳಿಗೊಮ್ಮೆ ಒಟ್ಟುಮಾಡಿಕೊಳ್ಳಿ. ಆದವಾನಿಯ ಒಂದೇ ವಿಳಾಸಕ್ಕೆ ಐದೈದು ಕಿಲೋ ಕಟ್ಟು ಕಳಿಸಿ. ಸಂತೆ, ಹತ್ತಿ ಮಾರುಕಟ್ಟೆ, ಆಸ್ಪತ್ರೆ ಎಂದು ಸುತ್ತಲಿನವರು ಹೇಗೂ ಇಲ್ಲಿಗೆ ಬರುತ್ತಾರೆ. ತಮ್ಮೂರಿನ ಪಾಲು ಒಯ್ಯುತ್ತಾರೆ. ಹೊರರಾಜ್ಯದ ಕನ್ನಡ ಶಾಲೆಗಳ ಅಂಚೆ ವೆಚ್ಚವನ್ನು ಪ್ರಾಧಿಕಾರವೇ ಭರಿಸಲಿ. ಕಟ್ಟಿಗೆ ನೂರು ರೂಪಾಯಿ ನಿಮಗೆ ದೊಡ್ಡದಲ್ಲ; ಕಿಸೆಯಿಂದ ಖರ್ಚು ಮಾಡುವ ಹಳ್ಳಿ ಮೇಷ್ಟ್ರಿಗೆ ದೊಡ್ಡದು.

ಇನ್ನೊಂದು ತೊಡಕನ್ನು ನೀವೇ ಬಿಡಿಸಬೇಕು. ಜ್ಞಾನ ಪೋಸ್ಟ್ ಸೇವೆ ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ. ಜಾಹೀರಾತು ತುಂಬಿದವು ಸಲ್ಲವು. ಹಾಗಾದರೆ ಕಥಾಸಂಕಲನ? ಮಕ್ಕಳ ಪದ್ಯ? ಕೌಂಟರಿನಲ್ಲಿ ಕೂತವರು ತಮಗೆ ತೋಚಿದಂತೆ ಅರ್ಥಮಾಡಿಕೊಂಡರೆ ಕಟ್ಟು ಪಾರ್ಸೆಲ್ ದರಕ್ಕೆ ಜಾರುತ್ತದೆ. ಕನ್ನಡ ಸಾಹಿತ್ಯವೆಲ್ಲ ಇದರಡಿ ಬರುತ್ತದೆಂದು ಕರ್ನಾಟಕ ವೃತ್ತದ ಚೀಫ್ ಪೋಸ್ಟ್‌ಮಾಸ್ಟರ್ ಜನರಲ್ ಅವರಿಂದ ಲಿಖಿತ ಸ್ಪಷ್ಟನೆ ಪಡೆಯಿರಿ. ಅದರ ಪ್ರತಿಯನ್ನು ಪ್ರತಿ ಪ್ರಕಾಶಕರಿಗೂ ತಲುಪಿಸಿ.

ಶಾಲೆಗಳ ಪಟ್ಟಿ ಮಾಡುವ ಕೆಲಸವನ್ನು ಇಲ್ಲಿನ ಶಿಕ್ಷಕರು, ಓದುಗರು ಸಂತೋಷದಿಂದ ಮಾಡಿಕೊಡುತ್ತಾರೆ. ಬರುವ ಶಾಲಾ ವರ್ಷಕ್ಕೆ ಮೊದಲ ಕಟ್ಟು ಹೊರಡುವಂತೆ ದಯವಿಟ್ಟು ಆದೇಶ ಮಾಡಿ.

ಇಂತಿ ನಿಮ್ಮ ವಿಶ್ವಾಸಿ,
ಆದವಾನಿಯ ಒಬ್ಬ ಕನ್ನಡ ಓದುಗ