ಅನ್ಯರ ನೋವಿಗೂ ನಾವು ಸಾಕ್ಷಿಗಳಾಗಬೇಡವೇ?

ಫೆಲೆಸ್ತೀನಿನ ಬಿಲ್‌ಈನ್ ಗ್ರಾಮದ ರೈತ ಇಮಾದ್ ಬುರ್ನಾತ್ ತನ್ನೂರಿನ ಭೂಮಿ ಕಸಿಯಲ್ಪಡುವುದನ್ನು ಚಿತ್ರೀಕರಿಸುತ್ತಿದ್ದಾಗ ಅವರ ಐದು ಕ್ಯಾಮರಾಗಳು ಒಂದರ ನಂತರ ಒಂದು ಮುರಿದುಹೋದವು. 2011ರ 'ಫೈವ್ ಬ್ರೋಕನ್ ಕ್ಯಾಮರಾಸ್' ಆ ಹೋರಾಟದ ಸಾಕ್ಷ್ಯಚಿತ್ರ. ಇಂತಹವುಗಳನ್ನು ಕಂಡು ನಾವು ಮರುಗುತ್ತೇವೆ; ಮರುಗಲೇಬೇಕು. ಆದರೆ ಅದೇ ಕಣ್ಣು ನಮ್ಮದೇ ನಗರದತ್ತ ಹೊರಳಿದೆಯೇ?

2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಕ್ಕಿ ಕೊಲ್ಲಲಾಯಿತು. ವಚನಗಳ ಆ ವಿದ್ವಾಂಸರು ಆದಿಲ್‌ಶಾಹಿ ಸಾಹಿತ್ಯವನ್ನು ಕನ್ನಡಕ್ಕೆ ತರುವ ಯೋಜನೆಯ ನೇತೃತ್ವವನ್ನೂ ವಹಿಸಿದ್ದರು. ಅವರು ನಮಗೆ ಅನ್ಯರು ಹೇಗಾದಾರು?

ಆನಂದ್ ಪಟವರ್ಧನ್‌ರ ಸುಮಾರು ನಾಲ್ಕು ಗಂಟೆಗಳ 'ವಿವೇಕ್' ವಿಚಾರವಾದಿಗಳ ಹತ್ಯೆಗಳನ್ನೂ ದಾದ್ರಿಯ ಅಖ್ಲಾಕ್‌ರ ಕೊಲೆಯನ್ನೂ ಜೊತೆಯಲ್ಲೇ ಮುಂದಿಡುತ್ತದೆ. 2018ರಲ್ಲಿ ಆಮ್‌ಸ್ಟರ್‌ಡಾಮ್ ಚಿತ್ರೋತ್ಸವದ ಶ್ರೇಷ್ಠ ಸಾಕ್ಷ್ಯಚಿತ್ರ ಪ್ರಶಸ್ತಿ ಪಡೆದ ಈ ಚಿತ್ರ, 2019ರಲ್ಲಿ ಕೇರಳದ ಚಿತ್ರೋತ್ಸವದಲ್ಲಿ ಪ್ರದರ್ಶನಗೊಳ್ಳಲು ಹೈಕೋರ್ಟಿನ ಆದೇಶವೇ ಬೇಕಾಯಿತು. ಕೊಂದವರ ದ್ವೇಷ ಧರ್ಮ ನೋಡಿ ನಿಲ್ಲಲಿಲ್ಲವೆಂಬುದೇ ಅದರ ಪಾಠ.

ತಮ್ಮವರಿಗಷ್ಟೇ ನ್ಯಾಯ ಬೇಡುವವರ ಮೊರೆಗೆ ಬಲವಿರದು. ಹುಬ್ಬಳ್ಳಿ-ಧಾರವಾಡದ ನಮ್ಮ ಮನೆಗಳಲ್ಲಿ ಬೆಳೆದ ಮಕ್ಕಳೊಂದಿಗೆ ಕುಳಿತು ಇಂತಹ ಚಿತ್ರಗಳನ್ನೂ ನೋಡೋಣ, ನೆರೆಯವರನ್ನೂ ಆಹ್ವಾನಿಸೋಣ.