ತಾಲೀಮಿಗೂ ಒಂದು ಲೆಕ್ಕ ಇರಲಿ

ಸಿನಿಮಾ ಕೈ ಹಿಡಿಯದವರು ಅಭಿನಯದ ಮೇಷ್ಟ್ರಾಗುತ್ತಾರೆ ಎಂಬ ಮಾತು ಗಾಂಧಿನಗರದಲ್ಲಷ್ಟೇ ಅಲ್ಲ, ನಮ್ಮ ಊರುಗಳಲ್ಲೂ ಚಾಲ್ತಿಯಲ್ಲಿದೆ. ನಾನು ಸಣ್ಣ ಬಜೆಟ್ಟಿನ ಸಿನಿಮಾ ಮಾಡುತ್ತೇನೆ, ಉಳಿದ ದಿನಗಳಲ್ಲಿ ಶಿವಮೊಗ್ಗದಲ್ಲಿ ಹುಡುಗ ಹುಡುಗಿಯರಿಗೆ ಅಭಿನಯ ಕಲಿಸುತ್ತೇನೆ. ಮದುವೆ ಮನೆಗೆ ಹೋದರೆ ಸಾಕು, ‘ಈಗ ಸಿನಿಮಾ ಇಲ್ವಾ, ಬರೀ ಪಾಠನಾ?’ ಎಂದು ಯಾರಾದರೂ ಕೇಳುತ್ತಾರೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಆ ಪ್ರಶ್ನೆಯ ಹಿಂದಿರುವ ತಿಳಿವಳಿಕೆ ಕನ್ನಡದ ಸ್ವತಂತ್ರ ಸಿನಿಮಾಕ್ಕೆ ನಿಜಕ್ಕೂ ಪೆಟ್ಟು ಕೊಡುತ್ತಿದೆ. ಏಕೆಂದರೆ ಸರ್ಕಾರವೂ ನಿರ್ಮಾಪಕರೂ ಅದೇ ತಿಳಿವಳಿಕೆಯ ಮೇಲೆ ದುಡ್ಡಿನ ಲೆಕ್ಕ ಹಾಕುತ್ತಾರೆ.

ಪಾಠ ಸೋತವರ ಕೆಲಸವಲ್ಲ ಎನ್ನುವುದಕ್ಕೆ ಬಿ.ವಿ. ಕಾರಂತರ ಬದುಕನ್ನೇ ನೋಡಿ. ಬಂಟ್ವಾಳ ತಾಲ್ಲೂಕಿನ ಮಂಚಿಯ ಹುಡುಗ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದ್ದು, ಅದರ ಒಡೆಯ ವೀರಣ್ಣನವರು ಅವರನ್ನು ಕಾಶಿಗೆ ಓದಲು ಕಳಿಸಿದ್ದು ರಂಗಭೂಮಿಯವರಿಗೆಲ್ಲ ಗೊತ್ತಿರುವ ಸಂಗತಿ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಇಬ್ರಾಹಿಂ ಅಲ್ಕಾಜಿಯವರ ಕೈಕೆಳಗೆ ಕಲಿತ ಕಾರಂತರು ಅದೇ ಊರಿನ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಹೇಳಿಕೊಟ್ಟರು. ಸಿನಿಮಾ ಬಂದದ್ದು ಆಮೇಲೆ. ಗಿರೀಶ ಕಾರ್ನಾಡರ ಜೊತೆ ‘ವಂಶವೃಕ್ಷ’, ನಂತರ ಒಬ್ಬರೇ ‘ಚೋಮನ ದುಡಿ’. 1975ರ ಆ ಚಿತ್ರಕ್ಕೆ ಸ್ವರ್ಣಕಮಲ ಬಂತು, ಚೋಮನಾಗಿದ್ದ ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು. ಅಂಥ ಗೆಲುವಿನ ಬೆನ್ನಿಗೇ ಬೇರೆ ಯಾರಾದರೂ ಸಾಲು ಸಾಲು ಸಿನಿಮಾ ಒಪ್ಪಿಕೊಳ್ಳುತ್ತಿದ್ದರು. ಕಾರಂತರು 1977ರಲ್ಲಿ ತಾವು ಕಲಿತ ಶಾಲೆಗೇ ನಿರ್ದೇಶಕರಾಗಿ ಹೋದರು. ಅಲ್ಲಿಂದ ಭೋಪಾಲದ ಭಾರತ ಭವನ, ಮುಂದೆ 1989ರಲ್ಲಿ ಮೈಸೂರಿನ ರಂಗಾಯಣ.

‘ಕಾರಂತರು ಸಿನಿಮಾ ಬಿಟ್ಟುಬಿಟ್ಟರು’ ಎಂದು ಹಿರಿಯರು ಬೇಸರಪಡುವುದನ್ನು ಕೇಳಿದ್ದೇನೆ. ನನಗೆ ಹಾಗೆ ಕಾಣುವುದಿಲ್ಲ. ‘ಚೋಮನ ದುಡಿ’ಯನ್ನು ಇನ್ನೊಮ್ಮೆ ನೋಡಿ. ಚೋಮನ ಸಿಟ್ಟು, ಸಂಕಟ, ಬೇಸಾಯದ ಆಸೆ ಬಾಯಿಂದ ಹೊರಬರುವುದು ಕಡಿಮೆ, ದುಡಿಯ ಮೇಲೆ ಬೀಳುವ ಕೈಯಿಂದ ಬರುವುದೇ ಹೆಚ್ಚು. ರಂಗದ ಮೇಲೆ ಪಳಗಿದ ನಟನೊಬ್ಬನ ದನಿಯನ್ನು ತಗ್ಗಿಸಿ, ಅವನ ಕೈಗೆ ಕೆಲಸ ಕೊಟ್ಟು, ಆ ಕೈಯ ಮುಂದೆ ಕ್ಯಾಮೆರಾ ಇಟ್ಟು ಕಾಯುವುದು ಮಕ್ಕಳಿಗೂ ದೊಡ್ಡವರಿಗೂ ಪಾಠ ಹೇಳಿ ಗೊತ್ತಿದ್ದ ನಿರ್ದೇಶಕರಿಂದ ಮಾತ್ರ ಆಗುವ ಕೆಲಸ. ಅವರ ಸಿನಿಮಾವೂ ಪಾಠವೂ ಒಂದೇ ಕಸುಬು ಎಂದೇ ನಾನು ನಂಬಿದ್ದೇನೆ. ಅವರ ಪತ್ನಿ ಪ್ರೇಮಾ ಕಾರಂತರದೂ ಇದೇ ದಾರಿ. ಅವರು ಶಿಕ್ಷಕಿಯಾಗಿದ್ದವರು, ನಾಟಕ ಶಾಲೆಯಲ್ಲಿ ಕಲಿತವರು, ಬೆನಕ ರಂಗಸಂಸ್ಥೆಯ ಮಕ್ಕಳ ತಂಡ ಕಟ್ಟಿದವರು. ಅವರು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ಸಿನಿಮಾ ಮಾಡಿದಾಗ ಎಲ್.ವಿ. ಶಾರದಾ ಅವರಿಂದ ತೆಗೆಸಿದ ಮೌನ ಇವತ್ತಿಗೂ ನಾನು ಹುಡುಗರಿಗೆ ತೋರಿಸುವ ಪಾಠ.

ನನ್ನದೇ ಕೆಲಸದ ಒಂದು ಸಂಗತಿ ಹೇಳುತ್ತೇನೆ. ಸಾಗರದ ಹತ್ತಿರದ ಹಳ್ಳಿಯಲ್ಲಿ ತೆಗೆದ ಸಿನಿಮಾದಲ್ಲಿ ತಾಯಿಯ ಪಾತ್ರಕ್ಕೆ ಅಡಿಕೆ ಸುಲಿಯಲು ಹೋಗುವ ಹೆಂಗಸೊಬ್ಬರು ಒಪ್ಪಿದ್ದರು. ಮಗ ಊರು ಬಿಡುತ್ತೇನೆ ಎಂದಾಗ ‘ಹೋಗು, ಊಟ ಮಾಡ್ಕಂಡು ಹೋಗು’ ಅನ್ನಬೇಕು, ಅಷ್ಟೇ ಮಾತು. ಜಗಲಿಯಲ್ಲಿ ನಿಲ್ಲಿಸಿ ಹೇಳಿಸಿದಾಗಲೆಲ್ಲ ಕೈ ಸೆರಗಿನ ತುದಿಗೆ ಹೋಗುತ್ತಿತ್ತು, ಕಣ್ಣು ಕ್ಯಾಮೆರಾದ ಕಡೆಗೆ. ‘ಕೈ ಸುಮ್ನಿದ್ರೆ ನಂಗೆ ಬಾಯೇ ಬರದಿಲ್ಲ ತಮ್ಮಾ’ ಅಂದರು ಅವರೇ. ಅಡಿಕೆ ಸುಲಿಯುವ ಮೆಟ್ಟುಗತ್ತಿ ತರಿಸಿದೆವು. ಹಸಿ ಅಡಿಕೆಯ ಬುಟ್ಟಿ ಒಂದು ಕಡೆ, ಸುಲಿದದ್ದು ಬೀಳುವ ಡಬ್ಬ ಇನ್ನೊಂದು ಕಡೆ. ಕ್ಯಾಮೆರಾ ಇಲ್ಲದೆ ಸಂಜೆ ಹೊತ್ತು ಕೂತು ಮಾತಾಡುವುದು ಶುರುವಾಯಿತು. ಈ ವರ್ಷ ಡಬ್ಬಕ್ಕೆ ಎಷ್ಟು ಕೂಲಿ, ಬೆಂಗಳೂರಿಗೆ ಹೋದ ಅವರ ಸ್ವಂತ ಮಗ ಎಷ್ಟು ದಿನಕ್ಕೊಮ್ಮೆ ಫೋನ್ ಮಾಡುತ್ತಾನೆ, ಇಂಥವೇ ಮಾತು. ಸಿನಿಮಾದ ಮಗನಾಗಿದ್ದ ಹುಡುಗನೂ ಅಲ್ಲೇ ಕೂತು ಕೇಳುತ್ತಿದ್ದ. ಡೈಲಾಗ್ ಎಲ್ಲಿ ಹೇಳಬೇಕು ಎಂದು ನಾನು ಒಮ್ಮೆಯೂ ಹೇಳಲಿಲ್ಲ.

ಚಿತ್ರೀಕರಣದ ದಿನ ಮಗನ ಮಾತು ಕಿವಿಗೆ ಬಿದ್ದ ಮೇಲೂ ಅವರ ಕೈ ನಿಲ್ಲಲಿಲ್ಲ. ಎರಡು ಅಡಿಕೆ ಸುಲಿದು ಡಬ್ಬಕ್ಕೆ ಹಾಕಿದರು. ಮೂರನೆಯದನ್ನು ಕತ್ತಿಗೆ ಒತ್ತಿ, ಸಿಪ್ಪೆ ಬಿಡಿಸದೆ ಹಾಗೇ ಹಿಡಿದುಕೊಂಡು, ತಲೆ ಎತ್ತದೆ ಆ ಮಾತು ಹೇಳಿದರು. ಡಬ್ಬಕ್ಕೆ ಅಡಿಕೆ ಬೀಳುವ ಸದ್ದು ನಿಂತುಹೋದದ್ದೇ ಆ ದೃಶ್ಯದ ಅಳು. ಸಿನಿಮಾ ನೋಡಿದವರು ‘ಆಕೆ ಆ್ಯಕ್ಟಿಂಗೇ ಮಾಡಿಲ್ಲ, ಇದ್ದ ಹಾಗೇ ಇದ್ದಾರೆ’ ಎಂದು ಹೊಗಳಿದರು. ಕ್ಯಾಮೆರಾ, ಲೈಟು, ಹತ್ತಾರು ಜನರ ಎದುರಿಗೆ ಇದ್ದ ಹಾಗೇ ಇರುವುದಕ್ಕೆ ಆಕೆ ಪಟ್ಟ ಶ್ರಮ ನನಗೆ ಗೊತ್ತು. ಅದು ಅಭಿನಯವೇ. ಆಕೆ ಕಲಿತರು, ನಾವು ಕಲಿಸಿದೆವು.

ಇತ್ತೀಚಿನ ಕನ್ನಡ ಸಿನಿಮಾಗಳ ಬಗ್ಗೆಯೂ ಇದೇ ಹೊಗಳಿಕೆ ಕೇಳುತ್ತೇವೆ. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ಮಂಡ್ಯ ಕಡೆಯ ಹಳ್ಳಿಯ ಜನರೇ ನಟರು. 2015ರಲ್ಲಿ ಅದಕ್ಕೆ ಲೊಕಾರ್ನೊದಲ್ಲಿ ಪ್ರಶಸ್ತಿ ಬಂತು. ನಟೇಶ್ ಹೆಗಡೆ ‘ಪೆದ್ರೊ’ದ ಮುಖ್ಯ ಪಾತ್ರಕ್ಕೆ ತಮ್ಮ ತಂದೆಯನ್ನೇ ನಿಲ್ಲಿಸಿದರು. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ತೆಗೆದ ಚಿತ್ರ, 2022ರಲ್ಲಿ ಬುಸಾನ್‌ನಲ್ಲಿ ಗೆದ್ದಿತು. ‘ನಟರೇ ಅಲ್ಲದವರು ಎಷ್ಟು ಸಹಜ’ ಎಂದು ಪತ್ರಿಕೆಗಳೂ ಬರೆದವು. ಸಹಜ, ಒಪ್ಪುತ್ತೇನೆ. ಆದರೆ ತಂದೆಯನ್ನೋ ನೆರೆಮನೆಯವರನ್ನೋ ಕ್ಯಾಮೆರಾ ಎದುರು ಒಂದು ಪಾತ್ರವಾಗಿ ನಿಲ್ಲಿಸುವುದಕ್ಕೆ ಎಷ್ಟು ಸಲಿಗೆ, ಎಷ್ಟು ಕಾಲ ಬೇಕು ಎನ್ನುವುದನ್ನು ಆ ಹೊಗಳಿಕೆ ಮರೆಸಿಬಿಡುತ್ತದೆ.

ಹಾಗೆ ಮರೆಸಿದ್ದರ ಫಲ ನಿರ್ಮಾಪಕರ ಮುಂದೆ ಕೂತಾಗ ಕಾಣುತ್ತದೆ. ಒಬ್ಬರು ನನ್ನ ಬಜೆಟ್ ಹಾಳೆ ನೋಡುತ್ತ ಕ್ಯಾಮೆರಾ, ಊಟ, ವಸತಿ, ಡಬ್ಬಿಂಗ್ ಎಲ್ಲಕ್ಕೂ ತಲೆಯಾಡಿಸಿದರು. ‘ತಾಲೀಮು’ ಎಂಬ ಸಾಲಿಗೆ ಬಂದಾಗ ಪೆನ್ನಿನಿಂದ ಗೀಟು ಎಳೆದರು. ಹಳ್ಳಿಯವರಿಗೆ ತಾಲೀಮು ಯಾಕೆ ಎಂದು ಅವರ ಪ್ರಶ್ನೆ. ಅಡಿಕೆ ಸುಲಿಯುವ ಆ ತಾಯಿ ನಮ್ಮ ಜೊತೆ ಕೂತ ಸಂಜೆಗಳಿಗೆ ಕೂಲಿ ಕೊಟ್ಟದ್ದು ನನ್ನ ಕ್ಲಾಸಿನ ಫೀಸಿನಿಂದ. ಈ ಮಾತನ್ನು ಹೆಮ್ಮೆಗೆ ಹೇಳುತ್ತಿಲ್ಲ. ನನ್ನಂಥ ಎಷ್ಟೋ ಮಂದಿಯ ಸಿನಿಮಾ ಹೀಗೆ ಪಾಠದ ದುಡ್ಡಿನಲ್ಲೇ ನಡೆಯುತ್ತಿದೆ.

ಸರ್ಕಾರದ ಸಹಾಯಧನವೂ ಇದನ್ನು ಕಾಣುವುದಿಲ್ಲ. ಸಬ್ಸಿಡಿ ಸಿಗುವುದು ಪೂರ್ತಿ ಮುಗಿದು, ಸೆನ್ಸಾರ್ ಆಗಿ, ಆಯ್ಕೆ ಸಮಿತಿಯ ಮುಂದೆ ಬಂದ ಚಿತ್ರಕ್ಕೆ. ಆ ವ್ಯವಸ್ಥೆಯಿಂದ ಬಹಳ ಜನಕ್ಕೆ ಉಪಕಾರವಾಗಿದೆ, ಅದು ಮುಂದುವರಿಯಲೇಬೇಕು. ಆದರೆ ಸಾಲ ಮಾಡಿ ಸಿನಿಮಾ ತೆಗೆಯುವವರು ಮೊದಲು ಕತ್ತರಿ ಹಾಕುವುದು ತಾಲೀಮಿಗೆ. ಆ ಕೊರತೆ ಮುಂದೆ ಎಡಿಟಿಂಗ್ ಟೇಬಲ್ ಮೇಲೆ ತುಂಬುವಂಥದ್ದಲ್ಲ. ತಾಲೀಮಿನಿಂದಲೇ ಸಿನಿಮಾ ಹುಟ್ಟಿದ ಉದಾಹರಣೆಯೂ ಇದೆ. ಅಮೆರಿಕದಲ್ಲಿ ಜಾನ್ ಕ್ಯಾಸವೆಟಿಸ್ ಎಂಬ ನಟ 1957ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಅಭಿನಯದ ಕಾರ್ಯಾಗಾರ ನಡೆಸುತ್ತಿದ್ದ. ಅಲ್ಲಿ ವಿದ್ಯಾರ್ಥಿಗಳು ಆಶುವಾಗಿ ಆಡಿದ ಒಂದು ಪ್ರಸಂಗವೇ ‘ಶಾಡೋಸ್’ ಎಂಬ ಸಿನಿಮಾ ಆಯಿತು. ರೇಡಿಯೊದಲ್ಲಿ ಆತ ಕೇಳಿಕೊಂಡಾಗ ಕೇಳುಗರು ಸುಮಾರು 2,000 ಡಾಲರ್ ಕಳಿಸಿಕೊಟ್ಟರು. ಅಮೆರಿಕದ ಸ್ವತಂತ್ರ ಸಿನಿಮಾದ ಚರಿತ್ರೆ ಬರೆಯುವವರು ಆ ಚಿತ್ರವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅಂಥ ಚಿತ್ರಕ್ಕೆ ತಾಲೀಮಿನ ಹಂತದಲ್ಲೇ ದುಡ್ಡು ಹಾಕಿದ ಜನ ಇದ್ದರು.

ನಮಗೆ ಜನರ ಮುಂದೆ ಕೈಯೊಡ್ಡುವ ಅಗತ್ಯವೂ ಬರಬೇಕಾಗಿಲ್ಲ. ಮೈಸೂರು, ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲಿ ಸರ್ಕಾರದ್ದೇ ರಂಗಾಯಣಗಳಿವೆ. ಹೆಗ್ಗೋಡಿನ ನೀನಾಸಂ ದಶಕಗಳಿಂದ ವರ್ಷಕ್ಕೊಂದು ತಂಡ ಹುಡುಗರನ್ನು ತಯಾರು ಮಾಡುತ್ತಿದೆ. ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಅಲ್ಲಿಂದ ಬಂದವರು. ರಂಗಾಯಣದ ಹೆಸರನ್ನು ನಟ ರಘು ಅವರು ತಮ್ಮ ಹೆಸರಿಗೇ ಸೇರಿಸಿಕೊಂಡಿದ್ದಾರೆ. ಅವರಿಂದ ಸಿನಿಮಾ ಇಷ್ಟೆಲ್ಲ ಪಡೆದಿದೆ, ಆದರೆ ಅವರನ್ನು ತಿದ್ದಿದ ಜಾಗಗಳಿಗೆ ಸಿನಿಮಾದ ದುಡ್ಡು ಹಿಂದಿರುಗಿಲ್ಲ. ಸಬ್ಸಿಡಿ ವಾರ್ತಾ ಇಲಾಖೆಯದು, ರಂಗಾಯಣ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯದು. ಇಬ್ಬರೂ ಕೈಜೋಡಿಸಿದರೆ ಸಿನಿಮಾ ಸಹಾಯಧನದ ಒಂದು ಸಣ್ಣ ಪಾಲನ್ನು ತಾಲೀಮಿಗೆಂದೇ, ಚಿತ್ರೀಕರಣಕ್ಕೆ ಮೊದಲೇ ಕೊಡಬಹುದು. ಸ್ವತಂತ್ರ ನಿರ್ದೇಶಕರು ತಾಲೀಮಿನ ಕೆಲವು ತಿಂಗಳು ರಂಗಾಯಣದ ಜಾಗದಲ್ಲೇ, ಅಲ್ಲಿಯ ಕಲಾವಿದರ ಜೊತೆ ಕೂತು, ತಮ್ಮ ಚಿತ್ರದ ಹಳ್ಳಿಯವರಿಗೂ ಸುತ್ತಲಿನ ಕಾಲೇಜು ಮಕ್ಕಳಿಗೂ ಒಟ್ಟಿಗೇ ಪಾಠ ಮಾಡಬಹುದು. ಬಂದವರಿಗೆ ದಿನಗೂಲಿ ಸಿಗಬೇಕು, ಕಲಿಸಿದವರಿಗೆ ಸಂಬಳ ಸಿಗಬೇಕು, ಚಿತ್ರದ ಟೈಟಲ್ ಕಾರ್ಡಿನಲ್ಲಿ ‘ಅಭಿನಯ ತರಬೇತಿ’ ಎಂದು ಅವರ ಹೆಸರು ಬರಬೇಕು.

ಕರ್ನಾಟಕ ಚಲನಚಿತ್ರ ಅಕಾಡೆಮಿ ಎರಡೂ ಇಲಾಖೆಯವರನ್ನು ಒಂದು ಮೇಜಿಗೆ ಕರೆದು ಕೂರಿಸಲಿ ಎಂಬುದು ನನ್ನ ಒತ್ತಾಯ. ಹಾಗೆಯೇ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಅಭಿನಯ ಕಲಿಯುತ್ತೇನೆ ಅಂದರೆ ಡ್ಯಾನ್ಸು, ಫೈಟು, ಫೋಟೊಶೂಟು ಎಲ್ಲ ಸೇರಿಸಿ ಮೂರೇ ತಿಂಗಳಿಗೆ ಹೀರೊ ಮಾಡುತ್ತೇವೆ ಎನ್ನುವ ಕಡೆ ದುಡ್ಡು ಕಟ್ಟುವ ಮೊದಲು, ಹತ್ತಿರದ ರಂಗತಂಡದ ತಾಲೀಮಿಗೆ ಒಂದು ಸಂಜೆ ಅವರನ್ನು ಕರೆದುಕೊಂಡು ಹೋಗಿ. ನೀವೂ ಕೂತು ನೋಡಿ.