ಕೊಟ್ಟ ಆಸ್ತಿಯೂ ಮರಣದ ತೆರಿಗೆಯೂ

ಬದುಕಿರುವಾಗಲೇ ಮಕ್ಕಳ ಹೆಸರಿಗೆ ಆಸ್ತಿಯನ್ನು ಬರೆದುಕೊಟ್ಟರೆ ಸರ್ಕಾರದ ತೆರಿಗೆ ತಪ್ಪುವುದೆಂಬ ನಂಬಿಕೆಯು ನಮ್ಮ ಗೃಹಸ್ಥರಲ್ಲಿ ಇನ್ನೂ ಹೋಗಿಲ್ಲ. ಇದಕ್ಕೆ ಕಾರಣವೂ ಉಂಟು. ನಮ್ಮ ದೇಶದಲ್ಲಿ 1953ರಲ್ಲಿ ಮೃತರ ಆಸ್ತಿಯ ಮೇಲೆ ಎಸ್ಟೇಟ್ ಡ್ಯೂಟಿ ಎಂಬ ತೆರಿಗೆ ಬಂದಿತು. ಮರಣಕ್ಕೆ ಮುಂಚಿನ ಎರಡು ವರ್ಷಗಳೊಳಗೆ ಕೊಟ್ಟ ದಾನವನ್ನು ಕೊಟ್ಟೇ ಇಲ್ಲವೆಂದು ಭಾವಿಸಿ ಲೆಕ್ಕಕ್ಕೆ ಸೇರಿಸುತ್ತಿದ್ದರು. 1958ರಲ್ಲಿ ದಾನಿಯ ಮೇಲೆಯೇ ಮತ್ತೊಂದು ತೆರಿಗೆ ಬಿದ್ದಿತು. ಮೊದಲನೆಯದು 1985ರಲ್ಲಿಯೂ ಎರಡನೆಯದು 1998ರಲ್ಲಿಯೂ ರದ್ದಾದುವು. ತೆರಿಗೆಗಳು ಹೋದುವು, ಭಯವು ಉಳಿಯಿತು.

ಈಗ ತಂದೆತಾಯಿಗಳಿಂದ ಮಕ್ಕಳಿಗೆ ದಾನವಾಗಿಯಾಗಲಿ ಉಯಿಲಿನ ಮೂಲಕವಾಗಲಿ ಬಂದ ಆಸ್ತಿಗೆ ಆದಾಯ ತೆರಿಗೆ ಇಲ್ಲ. ಆ ಆಸ್ತಿಯಿಂದ ಮುಂದೆ ಬರುವ ಬಾಡಿಗೆ, ಬಡ್ಡಿಗಳ ಮಾತು ಬೇರೆ.

ಇಂಗ್ಲೆಂಡಿನಲ್ಲಾದರೋ ಮರಣದ ತೆರಿಗೆ ಜೀವಂತವಾಗಿಯೇ ಇದೆ. ನಮ್ಮವರ ಮಕ್ಕಳು ಅನೇಕರು ಅಲ್ಲಿ ನೆಲಸಿರುವುದರಿಂದ ಅದನ್ನು ತಿಳಿದಿರುವುದು ಒಳ್ಳೆಯದು. ಸಾಮಾನ್ಯವಾಗಿ 3,25,000 ಪೌಂಡುಗಳವರೆಗೆ ವಿನಾಯಿತಿ. ಮೇಲ್ಪಟ್ಟುದಕ್ಕೆ ನೂರಕ್ಕೆ 40ರಂತೆ ತೆರಬೇಕು. ದಾನ ಕೊಟ್ಟು ಏಳು ವರ್ಷ ಬದುಕಿದ್ದರೆ ಆ ದಾನವು ಲೆಕ್ಕಕ್ಕೆ ಬರುವುದಿಲ್ಲ. ತಂದೆಯೊಬ್ಬನು ಮಗನಿಗೆ 4,00,000 ಪೌಂಡು ಕೊಟ್ಟು ಎರಡನೆಯ ವರ್ಷದಲ್ಲಿ ಕಾಲವಾದನೆನ್ನೋಣ. ಸಣ್ಣಪುಟ್ಟ ರಿಯಾಯಿತಿಗಳನ್ನು ಬಿಟ್ಟರೆ, ಮಿತಿಮೀರಿದ 75,000 ಪೌಂಡಿಗೆ 30,000 ತೆರಿಗೆ. ನಾಲ್ಕು ವರ್ಷ ಕಳೆದು ಐದು ತುಂಬುವ ಮೊದಲು ಕಾಲವಾದರೆ ಅದು 18,000ಕ್ಕೆ ಇಳಿಯುವುದು. ನಾವು ಹುಡುಗರಿಗೆ ಹೇಳಿಕೊಡುತ್ತಿದ್ದ ತ್ರೈರಾಶಿಗಿಂತ ಇದು ಕಠಿಣವಲ್ಲ. ಆದರೆ ತೆರಬೇಕಾದವನು ದಾನ ಪಡೆದ ಮಗ. ಹಣವನ್ನು ಅವನು ಆಗಲೇ ಖರ್ಚುಮಾಡಿದ್ದರೆ ಕಷ್ಟವೇ ಸರಿ. ವಿನಾಯಿತಿಯನ್ನೆಲ್ಲ ಆ ದಾನವೇ ನುಂಗಿರುವುದರಿಂದ ಉಳಿದ ಆಸ್ತಿಗೂ ತೆರಿಗೆ ಹೆಚ್ಚುವುದು.

ಇನ್ನೊಂದು ನಿಯಮವುಂಟು, ನಮಗೆ ಹೆಚ್ಚು ಸ್ವಾರಸ್ಯವಾಗಿ ಕಂಡದ್ದು ಅದೇ. ಮನೆಯನ್ನು ಮಗಳಿಗೆ ಬರೆದುಕೊಟ್ಟು, ಬಾಡಿಗೆ ಕೊಡದೆ ತಾನೇ ಅದರಲ್ಲಿ ಕಡೆಯವರೆಗೆ ವಾಸವಾಗಿದ್ದರೆ, ಏಳಲ್ಲ, ಇಪ್ಪತ್ತು ವರ್ಷ ಕಳೆದರೂ ಆ ಮನೆಯು ಮೃತನದೆಂದೇ ಎಣಿಕೆ. ನಮ್ಮ 1953ರ ಕಾನೂನಿನಲ್ಲಿಯೂ ಇಂತಹುದೇ ನಿಯಮವಿದ್ದಿತು. ತನ್ನ ಸ್ವತ್ವವನ್ನು ಬಿಟ್ಟು ಪರರ ಸ್ವತ್ವವನ್ನು ಉಂಟುಮಾಡುವುದೇ ದಾನವೆಂದು ಧರ್ಮಶಾಸ್ತ್ರಜ್ಞರು ಲಕ್ಷಣ ಹೇಳಿದರು. ಲಂಡನ್ನಿನ ತೆರಿಗೆಯ ಅಧಿಕಾರಿಯು ಅದನ್ನು ಓದಿರಲಾರನು. ಆದರೂ ಬಿಟ್ಟೆಯೋ ಇಲ್ಲವೋ ಎಂದೇ ಅವನೂ ಕೇಳುತ್ತಾನೆ.

2025ರ ಏಪ್ರಿಲಿನಿಂದ, ಹಿಂದಿನ 20 ವರ್ಷಗಳಲ್ಲಿ 10 ವರ್ಷ ಅಲ್ಲಿ ವಾಸವಾಗಿದ್ದವರ ಹೊರದೇಶದ ಆಸ್ತಿಯೂ ಸಾಮಾನ್ಯವಾಗಿ ಈ ತೆರಿಗೆಗೆ ಒಳಪಡುವುದು. ಮೈಸೂರಿನ ಮನೆಯೂ ಬಿಟ್ಟದ್ದಲ್ಲ. ಎರಡು ದೇಶಗಳ ನಡುವೆ ಈ ವಿಷಯದಲ್ಲಿ 1956ರ ಒಪ್ಪಂದವೊಂದಿರುವುದರಿಂದ, ಅಂತಹವರು ಬಲ್ಲವರನ್ನು ಕೇಳಿಯೇ ಮುಂದುವರಿಯತಕ್ಕದ್ದು.

ಇಲ್ಲಿಯೇ ಇರುವ ನಮಗಾದರೋ, ಸ್ವಯಾರ್ಜಿತದ ಮನೆಯನ್ನು ತೆರಿಗೆಗಂಜಿ ಅವಸರದಿಂದ ದಾನಮಾಡಬೇಕಾದ ಕಾರಣವೇ ಇಲ್ಲ. ಉಯಿಲನ್ನು ಇಬ್ಬರು ಸಾಕ್ಷಿಗಳ ಮುಂದೆ ಬರೆದಿಡಬಹುದು, ಮನಸ್ಸು ಬದಲಾದರೆ ಬೇರೊಂದನ್ನು ಬರೆಯಬಹುದು. ಬದುಕಿರುವವರೆಗೆ ಮನೆಯ ಯಜಮಾನ್ಯ ತಪ್ಪದು. ರಿಜಿಸ್ಟರಾದ ದಾನಪತ್ರವನ್ನು ಹಾಗೆ ಮನಬಂದಂತೆ ಹಿಂದಕ್ಕೆ ಪಡೆಯಲಾಗದು. ದಾನವನ್ನೇ ಮಾಡಬೇಕೆನ್ನುವವರು, ಕೊನೆಯವರೆಗೆ ತಮ್ಮನ್ನೂ ಪತ್ನಿಯನ್ನೂ ಪೋಷಿಸತಕ್ಕದ್ದೆಂಬ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಯಿಸಬೇಕು. ಷರತ್ತು ತಪ್ಪಿದರೆ ದಾನವನ್ನು ರದ್ದುಮಾಡಿಸುವ ಅವಕಾಶವನ್ನು ಹಿರಿಯ ನಾಗರಿಕರ 2007ರ ಕಾನೂನು ಕೊಟ್ಟಿದೆ. ಇದನ್ನು ಬಾಯಿಮಾತಿಗೆ ಬಿಟ್ಟ ತಂದೆತಾಯಿಗಳು ನ್ಯಾಯಾಲಯಗಳಿಗೆ ಅಲೆಯಬೇಕಾಗಿ ಬಂದಿದೆ.